ಏಳನೆಯ ದಿನದ ತೂಕ

ಬಜೆ ಸುಟ್ಟ ವಾಸನೆ ಮೂಗಿಗೆ ತಾಗಿದರೆ ನನ್ನ ಅಂಗೈ ಈಗಲೂ ಬೆವರುತ್ತದೆ. ಮೊನ್ನೆ ಎನ್.ಆರ್. ಪುರದಲ್ಲಿ ತಂಗಿಯ ಮಗಳ ಮಗುವನ್ನು ನೋಡಲು ಹೋಗಿದ್ದೆ. ಬಾಣಂತಿ ಕೋಣೆಯ ಬಾಗಿಲು ತಳ್ಳಿದ ಕೂಡಲೇ ಆ ಘಾಟು, ಕೆಂಡದ ಬಿಸಿ, ಒಣಗದ ಬಟ್ಟೆಗಳ ಮುಗ್ಗಲು ಎಲ್ಲ ಒಟ್ಟಿಗೆ ಬಂತು. ಉಳಿದವರು ಮಗುವಿನ ಮೂಗು ಯಾರದ್ದು, ಹಣೆ ಯಾರದ್ದು ಎಂದು ಪಂಚಾಯಿತಿ ನಡೆಸುತ್ತಿದ್ದರು. ನಾನು ಬಟ್ಟೆಯೊಳಗೆ ಕೈ ತೂರಿಸಿ ಅದರ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. "ಇವ್ಳಿಗೆ ಎಂತದೋ, ಯಾರ ಮಗು ಕಂಡ್ರೂ ಕಾಲು ಹಿಡಿತಾಳೆ" ಎಂದು ತಂಗಿ ನಕ್ಕಳು. ನಾನೂ ನಕ್ಕೆ. ಆಮೇಲೆ ಹೊರಗೆ ಬಂದು ಜಗಲಿಯಲ್ಲಿ ಕೂತೆ. ಜಯಪುರದ ಹತ್ತಿರದ ಒಂದು ಮನೆ, ಒಂದು ಚಳಿಗಾಲ, ಒಂದು ಮಗು ಕಣ್ಣ ಮುಂದೆ ನಿಂತುಬಿಟ್ಟವು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿರಬೇಕು. ನನಗಾಗ ಇಪ್ಪತ್ಮೂರು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಕೊಪ್ಪದಲ್ಲಿ ಕೆಲಸ ಸಿಕ್ಕಿತು. ಹೊರಗಿನ ಒಂದು ಮೆಡಿಕಲ್ ಕಾಲೇಜಿನವರು ನಮ್ಮ ಕಡೆ ಅಧ್ಯಯನ ನಡೆಸುತ್ತಿದ್ದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳು, ತೂಕ ಕಡಿಮೆಯಿರುವ ಮಕ್ಕಳು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಹೇಗೆ ಬೆಳೆಯುತ್ತವೆ ಎಂದು ಇಪ್ಪತ್ತೆಂಟು ದಿನದವರೆಗೆ ನೋಡಿ ಬರೆದಿಡಬೇಕು. ನಾವು ನಾಲ್ಕು ಹುಡುಗಿಯರು ಆ ಕೆಲಸಕ್ಕೆ ಸೇರಿದೆವು. ನಮ್ಮ ಮೇಲಿನವರು ಒಬ್ಬ ಮಕ್ಕಳ ಡಾಕ್ಟರು, ಐವತ್ತರ ಹೆಂಗಸು. ಹದಿನೈದು ದಿನಕ್ಕೊಮ್ಮೆ ಬಂದು ನಮ್ಮ ಪುಸ್ತಕ ನೋಡುತ್ತಿದ್ದರು. ಅವರನ್ನು ನಾವು ಮೇಡಂ ಎನ್ನುತ್ತಿದ್ದೆವು.

"ಆಸ್ಪತ್ರೆ ಪುಸ್ತಕ ಮಗು ಮನೆಗೆ ಹೋದ ದಿನವೇ ಮುಗಿದುಹೋಗುತ್ತೆ" ಎಂದು ಅವರು ಮೊದಲ ದಿನ ಹೇಳಿದ್ದರು. "ಆಮೇಲೆ ಈ ಚಳಿಯಲ್ಲಿ, ಒಂಟಿ ಮನೆಗಳಲ್ಲಿ ಅದಕ್ಕೆ ಏನಾಗುತ್ತೆ ಅಂತ ನಮಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನೀವು ಬರೆದದ್ದನ್ನೇ ನಾವು ನಂಬೋದು. ಅದನ್ನೇ ನಂಬಿ ನಾಳೆ ಬೇರೆ ಮಕ್ಕಳಿಗೆ ಚಿಕಿತ್ಸೆ ಮಾಡೋದು."

ಕಲಿಸಿದ್ದು ಹೆಚ್ಚೇನೂ ಇರಲಿಲ್ಲ. ಮಗುವನ್ನು ಬರಿಮೈಯಲ್ಲಿ ತೂಗಬೇಕು. ಪಾದ, ಹೊಟ್ಟೆ ಮುಟ್ಟಿ ತಣ್ಣಗಿದೆಯೇ ನೋಡಬೇಕು. ಜ್ವರಮಾಪಕ ಇಡಬೇಕು. ಮೂರನೆಯ ದಿನಕ್ಕಿಂತ ಏಳನೆಯ ದಿನ ತೂಕ ಏರಿರದಿದ್ದರೆ ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ಮೈ ತಣ್ಣಗಿದ್ದರೆ ತಾಯಿಯ ಎದೆಗೆ, ಬರಿಮೈಗೆ ಬರಿಮೈ ತಾಗುವಂತೆ ಮಗುವನ್ನು ಕಟ್ಟಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಚಿತ್ರ ಸಮೇತ ಅಚ್ಚು ಹಾಕಿಸಿ ಕೊಟ್ಟಿದ್ದರು. ತೂಗಲು ಗಡಿಯಾರದಂಥ ಮುಖವಿರುವ ಸ್ಪ್ರಿಂಗ್ ತಕ್ಕಡಿ, ಅದರ ಕೊಕ್ಕೆಗೆ ಸಿಕ್ಕಿಸುವ ಬಟ್ಟೆಯ ಜೋಲಿ. ಇಪ್ಪತ್ತು ಗ್ರಾಂಗೆ ಒಂದು ಗೆರೆ.

ನಾನು ಹುಟ್ಟಾ ಪುಕ್ಕಲಿ. ನಾಯಿಗೆ ಹೆದರುತ್ತಿದ್ದೆ, ಬಸ್ಸಿನ ಕಂಡಕ್ಟರಿಗೆ ಹೆದರುತ್ತಿದ್ದೆ, ಎಲ್ಲಕ್ಕಿಂತ ಹೆಚ್ಚಾಗಿ ಮನೆ ಮನೆಯ ಅಜ್ಜಿಯರಿಗೆ ಹೆದರುತ್ತಿದ್ದೆ. ಅಂಥವಳ ಪಾಲಿಗೆ ಪುಷ್ಯದ ಚಳಿಯಲ್ಲಿ ರುಕ್ಕಮ್ಮ ಸಿಕ್ಕಿದರು.

ರುಕ್ಕಮ್ಮನ ಮಗಳು ಸುಜಾತ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡ ಶೃಂಗೇರಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಎಂಟು ತಿಂಗಳಿಗೇ ನೋವು ಬಂದು ಕೊಪ್ಪದಲ್ಲಿ ಹೆರಿಗೆಯಾಗಿ, ಹೆಣ್ಣುಮಗು ಹುಟ್ಟಿ, ಮೂರನೆಯ ದಿನ ಬೆಳಿಗ್ಗೆ ಮನೆಗೆ ಬಂದಿದ್ದರು. ಮನೆಯಲ್ಲಿ ಇದ್ದವರು ತಾಯಿ ಮಗಳು ಇಬ್ಬರೇ. ರುಕ್ಕಮ್ಮ ಸೊಂಟಕ್ಕೆ ಸೆರಗು ಬಿಗಿದು ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಗಾಳಿಯೂ ನುಗ್ಗುತ್ತಿರಲಿಲ್ಲ. ಅದೇ ಮೂರನೆಯ ದಿನ ಮೊದಲ ಭೇಟಿಗೆ ಹೋದಾಗ ನನ್ನ ಚೀಲದಿಂದ ತಕ್ಕಡಿ ಹೊರಬಂದದ್ದನ್ನು ಕಂಡದ್ದೇ ಅವರ ಮುಖ ಕಪ್ಪಿಟ್ಟಿತು.

"ಹಸುಳೆನ ಎಂತಕ್ಕೆ ತೂಗ್ತೀಯ ಮಾರಾಯ್ತಿ? ಅದೇನು ಅಡಿಕೆಯಾ?"

"ಬೆಳಿತಾ ಉಂಟಾ ಇಲ್ವಾ ಅಂತ ಗೊತ್ತಾಗ್ಬೇಕಲ್ಲ ರುಕ್ಕಮ್ಮೋರೆ."

"ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ವಾ? ತೂಗಿದ್ರೆ ದೃಷ್ಟಿ ತಾಗುತ್ತೆ."

ಸುಜಾತ ಒಳಗಿಂದ, "ತೂಗ್ಲಿ ಬಿಡಮ್ಮ, ಆಸ್ಪತ್ರೇಲೂ ತೂಗಿದ್ರಲ್ಲ" ಎಂದಳು. ರುಕ್ಕಮ್ಮ ಅರ್ಧ ಮನಸ್ಸಿನಿಂದ ಒಪ್ಪಿದರು. ಆದರೆ ಎರಡು ಷರತ್ತು. ಈ ಚಳಿಯಲ್ಲಿ ಬಟ್ಟೆ ಬಿಚ್ಚಕೂಡದು. ನಾನು ಮಗುವನ್ನು ಮುಟ್ಟಕೂಡದು, ಯಾಕೆಂದರೆ ಮನೆಗೆ ಪುರುಡು. ಹೆರಿಗೆಯಾದ ಮನೆಯಲ್ಲಿ ಹನ್ನೊಂದು ದಿನ ಬಾಣಂತಿಯನ್ನೂ ಮಗುವನ್ನೂ ಮುಟ್ಟಿದವರು ತಲೆಗೆ ನೀರು ಹಾಕಿಕೊಳ್ಳಬೇಕು.

ನಿಜ ಹೇಳಬೇಕೆಂದರೆ ಎರಡೂ ಷರತ್ತು ನನಗೆ ಅನುಕೂಲವೇ ಆಯಿತು. ಇನ್ನೂ ಎರಡು ಮನೆಗೆ ಹೋಗುವುದಿತ್ತು, ಮುಟ್ಟಿ ಆ ಚಳಿಯಲ್ಲಿ ಮಿಂದು ಒದ್ದೆ ತಲೆಯಲ್ಲಿ ಬಸ್ಸು ಕಾಯುವುದು ಯಾರಿಗೆ ಬೇಕಿತ್ತು? ಮಗುವಿಗೆ ಸುತ್ತುವ ಎರಡು ಬಟ್ಟೆಗಳನ್ನು ಬೇರೆಯಾಗಿ ತೂಗಿದೆ, ನೂರ ಎಂಬತ್ತು ಗ್ರಾಂ. ಒಟ್ಟು ತೂಕದಲ್ಲಿ ಅದನ್ನು ಕಳೆದರಾಯಿತು ಎಂದುಕೊಂಡೆ. ಬಿ.ಎಸ್ಸಿ. ಓದಿದ ಬುದ್ಧಿ! ರುಕ್ಕಮ್ಮನೇ ಮಗುವನ್ನು ಸುತ್ತಿ ಜೋಲಿಯಲ್ಲಿಟ್ಟರು. ನಾನು ಮಾರು ದೂರ ನಿಂತು ಮುಳ್ಳು ನೋಡಿದೆ. ಬಟ್ಟೆ ಕಳೆದು ಒಂದು ಸಾವಿರದ ಆರುನೂರ ಇಪ್ಪತ್ತು. ಪುಸ್ತಕದಲ್ಲಿ 'ಬರಿಮೈ ತೂಕ' ಎಂದು ಅಚ್ಚಾಗಿದ್ದ ಕಡೆ ಅದನ್ನು ಬರೆದುಬಿಟ್ಟೆ.

ಏಳನೆಯ ದಿನ ಮತ್ತೆ ಹೋದೆ. ಇಂದು ತೂಕ ಏರಿರದಿದ್ದರೆ ಆಸ್ಪತ್ರೆಗೆ ಹೊರಡಿ ಎಂದು ಆ ರುಕ್ಕಮ್ಮನಿಗೆ ಹೇಳಬೇಕಿತ್ತು. ಪುರುಡಿನೊಳಗೆ ಬಾಣಂತಿಯನ್ನು ಹೊರಗೆ ಕಳಿಸಿ ಎಂದರೆ ಅವರು ನನ್ನನ್ನು ಜಗಲಿಯಿಂದ ಇಳಿಸುತ್ತಾರೆ ಎಂದೇ ನಂಬಿದ್ದೆ. ಅವರು ಒಳಗಿಂದ ಮಗುವನ್ನು ಸುತ್ತಿಕೊಂಡೇ ತಂದರು, ಜೋಲಿಯಲ್ಲಿಟ್ಟರು. ಮುಳ್ಳು ನಿಂತಿತು. ಲೆಕ್ಕ ಹಾಕಿದೆ. ಒಂದು ಸಾವಿರದ ಆರುನೂರ ಎಂಬತ್ತು.

"ಅರವತ್ತು ಗ್ರಾಂ ಏರಿದೆ!" ಎಂದು ಕೂಗಿದೆ. ಸುಜಾತಳ ಕಣ್ಣಲ್ಲಿ ನೀರು ಬಂತು. "ಹಂಗಾದ್ರೆ ಕೊಪ್ಪಕ್ಕೆ ಹೋಗೋದು ಬ್ಯಾಡ ಅಲ್ವಾ?" ಎಂದು ಕೇಳಿದಳು. "ಬ್ಯಾಡ ಬ್ಯಾಡ, ಹದಿನಾಲ್ಕನೇ ದಿನ ನಾನೇ ಬರ್ತೀನಿ" ಎಂದೆ. ರುಕ್ಕಮ್ಮ ನನಗೆ ಬೆಲ್ಲದ ಕಾಫಿ ಕೊಟ್ಟರು. ನಾನು ಕುಡಿಯುತ್ತಿದ್ದಾಗ ಮಗು ಅತ್ತಿತು. ಬಾಗಿಲಿನ ತಿರುಗಣಿ ಕಿರುಗುಟ್ಟಿದಷ್ಟೇ ಸದ್ದು, ಅದೂ ಎರಡು ಸಲ. ಆಮೇಲೆ ಸುಮ್ಮನಾಯಿತು.

ಆ ಅಳು ನನ್ನನ್ನು ಬಿಡಲಿಲ್ಲ. ಎಂಟನೆಯ ದಿನ ಕಮ್ಮರಡಿಯಲ್ಲಿ ಇನ್ನೊಂದು ಮನೆಗೆ ಹೋದೆ. ಅಲ್ಲಿಯ ಮಗುವೂ ಸಣ್ಣದೇ, ಆದರೆ ಹಸಿವಾದರೆ ಮನೆ ಹಾರಿಹೋಗುವಂತೆ ಕಿರುಚುತ್ತಿತ್ತು. ತೂಕ ಏರುತ್ತಿರುವ ಮಗು ಹೀಗೆ ಅಳಬೇಕಲ್ಲವೇ? ಪುಸ್ತಕ ತೆಗೆದು ಆ ಅರವತ್ತು ಗ್ರಾಂ ನೋಡಿ ಸಮಾಧಾನ ಮಾಡಿಕೊಂಡೆ. ಅಂಕಿ ಸುಳ್ಳು ಹೇಳುತ್ತದೆಯೇ? ಒಂಬತ್ತನೆಯ ದಿನವೂ ಹಾಗೇ ಕಳೆಯಿತು, ಊಟ ಮಾತ್ರ ಸೇರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ, ನನ್ನ ಸರದಿ ಅಲ್ಲದಿದ್ದರೂ, ಜಯಪುರದ ಬಸ್ಸು ಹತ್ತಿದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಡ್ರೈವರು ದೀಪ ಹಾಕಿಕೊಂಡೇ ಓಡಿಸುತ್ತಿದ್ದ.

"ಇವತ್ತೆಂತಕ್ಕೆ ಬಂದೆ?" ಎಂದರು ರುಕ್ಕಮ್ಮ.

"ಈ ಕಡೆ ಬಂದಿದ್ದೆ, ಒಂದ್ಸಲ ತೂಗಿ ಹೋಗ್ತೀನಿ."

ಗೊಣಗುತ್ತಾ ಒಳಗೆ ಹೋಗಿ ಮಗುವನ್ನು ಸುತ್ತಿ ತಂದರು. ಜೋಲಿಯಲ್ಲಿಡುವ ಹೊತ್ತಿಗೆ ನನಗೆ ಎಲ್ಲಿಂದ ಧೈರ್ಯ ಬಂತೋ, ಪುರುಡು ಗಿರುಡು ಮರೆತು ಕೈ ಚಾಚಿ ಬಟ್ಟೆಯ ಅಂಚು ಸರಿಸಿದೆ. ಪಾದ ಕೈಗೆ ತಗುಲಿತು. ಹಿತ್ತಲ ತೊಟ್ಟಿಯ ನೀರಿನಂತೆ ತಣ್ಣಗೆ. ನಾನು ಬೆಚ್ಚಿ ಕೈ ಎಳೆದುಕೊಂಡೆ. ಸುತ್ತಿದ್ದ ಬಟ್ಟೆ ಸಡಿಲವಾಗಿ ಅದರೊಳಗಿಂದ ಏನೋ ಜಾರಿ ನೆಲಕ್ಕೆ ಬಿದ್ದು ಠಣ್ಣೆಂದಿತು.

ಒಂದು ಕೀಲಿಕೈ. ಅಂಗೈಯುದ್ದದ ಹಳೆಯ ಕಬ್ಬಿಣದ ಕೀಲಿಕೈ.

"ಎಂತದಿದು?"

"ಕಣಜದ ಬಾಗಿಲದ್ದು" ಎಂದರು ರುಕ್ಕಮ್ಮ, ನಾನೇ ದಡ್ಡಿ ಎನ್ನುವ ಹಾಗೆ. "ಹಾಸಿಗೆ ಅಡಿಗೆ ಕತ್ತಿ ಇಟ್ಟೀನಿ. ನೀನು ಮಗೂನ ಹಾಸಿಗೆಯಿಂದ ಎತ್ತಿಸಿ ತಕ್ಕಡಿಗೆ ಹಾಕಿಸ್ತೀಯ. ಆಗ ಅದ್ರ ಮೈ ಹತ್ರ ಕಬ್ಬಿಣ ಬ್ಯಾಡ್ವಾ? ಕಬ್ಬಿಣ ಇಲ್ದೆ ಹಂಗೇ ತೂಗಾಡ್ಸಿದ್ರೆ ಎಂತಾದ್ರೂ ತಾಗಲ್ವಾ?"

"ಹೋದ್ಸಲನೂ ಇತ್ತಾ?" ಎಂದು ಕೇಳುತ್ತಾ ಅದನ್ನು ಎತ್ತಿಕೊಂಡೆ.

"ಇತ್ತು. ಮೊದಲ್ನೇ ಸಲ ಮರ್ತಿದ್ದೆ. ಅವತ್ತೇ ನನ್ನೆದೆ ಡವಗುಟ್ತಿತ್ತು."

ಕೀಲಿಕೈಯನ್ನು ಜೋಲಿಗೆ ಹಾಕಿದೆ. ನೂರ ಇಪ್ಪತ್ತು ಗ್ರಾಂ. ಏಳನೆಯ ದಿನ ಮಗು ಅರವತ್ತು ಗ್ರಾಂ ಏರಿರಲಿಲ್ಲ, ಅರವತ್ತು ಇಳಿದಿತ್ತು. ಇಳಿದ ಮಗುವನ್ನು ನಾನೇ ಮನೆಯಲ್ಲಿ ಇರಿಸಿ, ಬೆಲ್ಲದ ಕಾಫಿ ಕುಡಿದು ಬಂದಿದ್ದೆ.

ಕೆಂಡದ ಪಕ್ಕ ಕೂತು ಮಗುವಿನ ಬಟ್ಟೆ ಬಿಚ್ಚಿಸಿದೆ. ಮೊದಲ ಸಲ ಅದರ ಮೈ ನೋಡಿದೆ. ತೊಡೆಯ ಚರ್ಮ ದೊಡ್ಡವರ ಅಂಗಿ ಹಾಕಿಸಿದಂತೆ ಮಡಿಕೆ ಮಡಿಕೆಯಾಗಿ ಜೋತಿತ್ತು. ಕಣ್ಣು ತೆರೆಯಲಿಲ್ಲ, ಅಳಲೂ ಇಲ್ಲ. ತೂಕ ಒಂದು ಸಾವಿರದ ಐನೂರ ನಲವತ್ತು. ಜ್ವರಮಾಪಕದ ಅಂಕಿ ಮೂವತ್ತೈದರ ಕೆಳಗೆ ನಿಂತಿತ್ತು.

"ಈಗ್ಲೇ ಹೊರಡ್ಬೇಕು" ಎಂದೆ.

ರುಕ್ಕಮ್ಮ ಮೆತ್ತಗಾಗಿದ್ದರು. ಆದರೂ, "ನಾಳೆ ಹನ್ನೊಂದು ಕೂಸೆ. ಬೆಳಿಗ್ಗೆ ಶುದ್ಧ ಮುಗಿಸ್ಕಂಡು ಹೋಗನ. ಒಂದಿನ ತಾನೇ?" ಎಂದರು.

ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದ ಸುಜಾತ ತಾಯಿಯ ಮುಖವನ್ನೇ ನೋಡಿದಳು. "ಅಮ್ಮ, ನಾಳೆವರಿಗೆ ಇರುತ್ತಾ ಇದು?"

ಸುಜಾತ ರವಿಕೆಯ ಗುಂಡಿ ಬಿಚ್ಚಿದಳು. ನಾನು ಹಾಳೆಯಲ್ಲಿದ್ದ ಚಿತ್ರದಂತೆ ಮಗುವನ್ನು ಅವಳ ಎದೆಗೆ ನೆಟ್ಟಗೆ ಇಟ್ಟು, ಹಳೆಯ ಸೀರೆಯಿಂದ ಬಿಗಿದು, ಮೇಲೆ ಕಂಬಳಿ ಹೊದಿಸಿದೆ. ಕೂಗಿ ಕರೆದದ್ದಕ್ಕೆ ಪಕ್ಕದ ಮನೆಯವರ ಜೀಪು ಬಂತು. ರುಕ್ಕಮ್ಮ ಬರುವುದಿಲ್ಲ ಎಂದುಕೊಂಡಿದ್ದೆ. ಅವರು ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದು ಹಿಂದೆ ಹತ್ತಿ ಕೂತರು.

ಜಯಪುರದಿಂದ ಕೊಪ್ಪಕ್ಕೆ ಎಷ್ಟು ತಿರುವುಗಳಿವೆಯೆಂದು ನನಗೆ ಅಂದು ಗೊತ್ತಾಯಿತು. ಪ್ರತಿ ತಿರುವಿಗೂ ಕಂಬಳಿಯೊಳಗೆ ಕೈ ಹಾಕಿ ಪಾದ ಮುಟ್ಟುತ್ತಿದ್ದೆ. ತಣ್ಣಗೆ. ಮತ್ತೆ ತಣ್ಣಗೆ. ಒಂದು ಕಡೆ ಎದುರಿಗೆ ಬಸ್ಸು ಬಂದು ಜೀಪು ಹಿಂದೆ ಸರಿಯಬೇಕಾಯಿತು. ಆ ಎರಡು ನಿಮಿಷದಲ್ಲಿ ಎಲ್ಲ ದೇವರಿಗೂ ಹರಕೆ ಹೇಳಿಕೊಂಡೆ. ಸುಜಾತ ಗಲ್ಲವನ್ನು ಮಗುವಿನ ತಲೆಗಾನಿಸಿ, "ಉಸಿರು ಬತ್ತಾ ಉಂಟು, ಉಸಿರು ಬತ್ತಾ ಉಂಟು" ಎಂದು ತನಗೆ ತಾನೇ ಹೇಳುತ್ತಿದ್ದಳು. ಅವಳು ಆ ಮಾತು ನಿಲ್ಲಿಸಿದರೆ ಏನು ಗತಿ ಎಂದು ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

ಕೊಪ್ಪದಲ್ಲಿ ಮಗುವನ್ನು ಬಿಸಿ ದೀಪದ ಕೆಳಗೆ ಇಟ್ಟರು, ಮೂಗಿಗೆ ಸಣ್ಣ ನಳಿಕೆ ಹಾಕಿ ತಾಯಿಯ ಹಾಲು ಹಿಂಡಿಸಿ ಹನಿ ಹನಿಯಾಗಿ ಬಿಟ್ಟರು. ಚೀಪುವ ಶಕ್ತಿಯೇ ಇಲ್ಲದೆ ಇಷ್ಟು ದಿನ ಅದು ಉಪವಾಸ ಬಿದ್ದಿತ್ತಂತೆ. ಮಗು ಅಳುವುದಿಲ್ಲ, ಪಾಪ ಎಷ್ಟು ಸಾಧು ಎಂದು ಮನೆಯವರು ಅಂದುಕೊಂಡಿದ್ದರು. ಸ್ವಲ್ಪ ಬಿಸಿ ಏರಿದ ಮೇಲೆ ಶಿವಮೊಗ್ಗಕ್ಕೆ ಕಳಿಸುವುದೆಂದಾಯಿತು. ಕೊಪ್ಪದ ಡಾಕ್ಟರು ನನ್ನ ಪುಸ್ತಕ ತಿರುವಿ ಹುಬ್ಬು ಗಂಟಿಕ್ಕಿದರು.

"ಏಳನೇ ದಿನ ಏರಿದೆ ಅಂತ ಬರೆದಿದ್ದೀರಲ್ಲ?"

"ಬಟ್ಟೆಯೊಳಗೆ ಕೀಲಿಕೈ ಇತ್ತು ಸರ್. ನಂಗೆ ಗೊತ್ತಿರ್ಲಿಲ್ಲ."

ಅವರು ರುಕ್ಕಮ್ಮನ ಕಡೆ ತಿರುಗಿದರು. "ಎಂಥ ಕೆಲಸ ಮಾಡಿದ್ರಿ ಅಮ್ಮ? ಮೂರು ದಿನ ಮೊದ್ಲೇ ಬರಬೇಕಾಗಿದ್ದ ಮಗು ಇದು." ಶೃಂಗೇರಿಯಿಂದ ಓಡಿ ಬಂದಿದ್ದ ಅಳಿಯನೂ ಅತ್ತೆಯ ಮೇಲೆ ರೇಗಿದ. ರುಕ್ಕಮ್ಮ ಬರಿಗಾಲಲ್ಲಿ ಗೋಡೆಯ ಪಕ್ಕ ನಿಂತು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಬರಿಮೈಯಲ್ಲಿ ತೂಗಬೇಕೆಂಬ ನಿಯಮ ಇತ್ತು, ಅದನ್ನು ಮುರಿದವಳು ನಾನು, ಪಾದ ಮುಟ್ಟದೆ ಬಂದವಳೂ ನಾನು ಎಂದು ಹೇಳಲು ಒಂದು ಗಳಿಗೆ ಸಾಕಿತ್ತು. ನಾನು ಹೇಳಲಿಲ್ಲ. ಆ ದಿನದ ಎಲ್ಲ ಭಯಗಳಲ್ಲಿ ಇದೊಂದನ್ನು ನೆನೆದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ದಿನ ಕೊಪ್ಪದ ಬಸ್ ಸ್ಟ್ಯಾಂಡಿನ ಬೂತಿನಿಂದ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿ ಅತ್ತೆ. ಅವರು ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ.

"ಆ ಅಂಕಿ ಅಳಿಸಬೇಡ" ಎಂದರು. "ಪಕ್ಕದಲ್ಲಿ ನಿಜವಾದದ್ದು ಬರಿ, ಹೇಗೆ ತಪ್ಪಾಯ್ತು ಅಂತನೂ ಬರಿ. ಶೈಲಾ, ಬಟ್ಟೆ ಸಮೇತ ತೂಗಿದ್ದು ಇದೊಂದೇನಾ?"

ಇನ್ನೂ ಮೂರು ಮಕ್ಕಳಿದ್ದವು. ನನ್ನ ಪುಸ್ತಕದಲ್ಲಿ ಇನ್ನೂ ಎಷ್ಟು ಕೀಲಿಕೈಗಳಿವೆ? ಆ ದಿನವೇ ಹೊರಟೆ. ಪುರುಡಿದ್ದರೂ ಮುಟ್ಟಿದೆ, ಬೈಸಿಕೊಂಡೆ, ಬಚ್ಚಲಲ್ಲಿ ಮಿಂದು ಒದ್ದೆ ಕೂದಲಲ್ಲಿ ಮುಂದಿನ ಮನೆಗೆ ಹೋದೆ. ಕಮ್ಮರಡಿಯ ಆ ಕಿರುಚುವ ಮಗುವಿನ ಬಟ್ಟೆಯ ತುದಿಯಲ್ಲಿ ಒಂದು ದಪ್ಪ ಮೊಳೆ ಗಂಟು ಹಾಕಿ ಕಟ್ಟಿದ್ದರು. ಪುಣ್ಯಕ್ಕೆ ಅದು ಮೊಳೆಯ ತೂಕ ಕಳೆದರೂ ದಿನ ದಿನಕ್ಕೆ ಏರುತ್ತಲೇ ಇದ್ದ ಮಗು. ಉಳಿದ ಎರಡರಲ್ಲಿ ಏನೂ ಇರಲಿಲ್ಲ. ಮೇಡಂ ಅದಾದ ಮೇಲೆ ನಮ್ಮ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರು: ಮಗುವಿನ ರಕ್ಷೆಗೆ ಮನೆಯವರು ಏನು ಇಟ್ಟಿದ್ದಾರೆ, ಎಲ್ಲಿ ಇಟ್ಟಿದ್ದಾರೆ, ಅವರನ್ನೇ ಕೇಳಿ ಬರೆಯುವುದು. ಕೇಳಿದರೆ ಎಲ್ಲ ಅಜ್ಜಿಯರೂ ಸಂತೋಷದಿಂದಲೇ ಹೇಳುತ್ತಿದ್ದರು. ನಾವು ಮೊದಲೇ ಕೇಳಿರಲಿಲ್ಲ, ಅಷ್ಟೇ.

ಶಿವಮೊಗ್ಗದ ಸುದ್ದಿ ಪಕ್ಕದ ಮನೆಯ ಫೋನಿಗೆ ಬರುತ್ತಿತ್ತು. ಒಂದು ದಿನ ಪರವಾಗಿಲ್ಲ ಎನ್ನುವರು, ಮರುದಿನ ಉಸಿರು ನಿಂತು ನಿಂತು ಬರುತ್ತಿದೆ ಎನ್ನುವರು. ಫೋನ್ ಮಾಡುವ ಮುಂಚೆ ಬೂತಿನ ಹೊರಗೆ ನಾಲ್ಕು ಜನ ಮುಂದೆ ಹೋಗಲಿ ಎಂದು ಬಿಟ್ಟುಕೊಡುತ್ತಿದ್ದೆ. ಎರಡು ವಾರ ದಾಟಿದ ಮೇಲೆ, ಮಗು ತಾನೇ ಚೀಪುತ್ತಿದೆ, ಮನೆಗೆ ಕಳಿಸಿದ್ದಾರೆ ಎಂದು ಗೊತ್ತಾಯಿತು. ನಂಬಲು ಹೆದರಿಕೆಯಾಯಿತು. ಒಮ್ಮೆ ಏರಿದೆ ಎಂದು ಕೂಗಿದವಳಲ್ಲವೇ ನಾನು.

ಇಪ್ಪತ್ತೆಂಟನೆಯ ದಿನ ತಕ್ಕಡಿ ಹಿಡಿದು ಆ ಮನೆಯ ಮೆಟ್ಟಿಲು ಹತ್ತಿದೆ. ನಡುಹಗಲು, ಬಿಸಿಲು ಬಂದಿತ್ತು. ರುಕ್ಕಮ್ಮ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಚಾಪೆ ಹಾಸಿ, ತಾವೇ ಮಗುವಿನ ಬಟ್ಟೆ ಬಿಚ್ಚಿದರು. ಕೈಯ ಕಪ್ಪು ಬಳೆ ತೆಗೆದರು, ಸೊಂಟದ ಉಡಿದಾರವನ್ನೂ ಬಿಚ್ಚಿದರು. ಆಮೇಲೆ ಎರಡೂ ಅಂಗೈಗಳನ್ನು ನನ್ನ ಮುಂದೆ ಬಿಡಿಸಿ ಹಿಡಿದು, "ನೋಡ್ಕ ಶೈಲಾ, ಎಂತದೂ ಇಲ್ಲ" ಎಂದರು. ಕಳ್ಳತನದ ಆರೋಪ ಹೊತ್ತವರು ನಿಲ್ಲುವ ಹಾಗೆ ಆ ದೊಡ್ಡ ಹೆಂಗಸು ನಿಂತಿದ್ದರು.

ನನಗೆ ತಡೆಯಲಾಗಲಿಲ್ಲ. "ತಪ್ಪು ನಂದು ರುಕ್ಕಮ್ಮೋರೆ. ಬಟ್ಟೆ ಬಿಚ್ಚಿಯೇ ತೂಗ್ಬೇಕು, ಮುಟ್ಟಿ ನೋಡ್ಬೇಕು ಅಂತ ನಂಗೆ ಮೊದ್ಲೇ ಹೇಳಿದ್ರು. ನಿಮಗೆ ಹೆದ್ರಿ ಬಿಟ್ಟೆ. ಅವತ್ತು ಆಸ್ಪತ್ರೇಲೂ ಹೆದ್ರಿ ಸುಮ್ನಿದ್ದೆ" ಎಂದೆ. ಸುಜಾತಳ ಕಡೆಯೂ ತಿರುಗಿ, "ನಿಮ್ಮಮ್ಮ ಅಲ್ಲ, ನಾನು" ಎಂದೆ.

ರುಕ್ಕಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವರು ಮಗುವನ್ನು ಎತ್ತಿ ಜೋಲಿಯ ಬದಲು ನನ್ನ ಕೈಗೇ ಕೊಟ್ಟರು. "ನೀನೇ ಹಾಕು."

ಮೈ ಬೆಚ್ಚಗಿತ್ತು. ಒದ್ದು ಅತ್ತಿತು. ಜೋಲಿಯಲ್ಲಿಟ್ಟೆ. ಮುಳ್ಳು ಆಚೆ ಈಚೆ ಹೊಯ್ದಾಡಿ ನಿಂತಿತು. ನಾನು ಕೂಗಲಿಲ್ಲ, ಎರಡು ಸಲ ಗೆರೆ ಎಣಿಸಿ ಮೆಲ್ಲಗೆ ಹೇಳಿದೆ. "ಒಂದು ಸಾವಿರದ ಎಂಟುನೂರ ಇಪ್ಪತ್ತು."

"ಅವತ್ತು ಕೊಪ್ಪಕ್ಕೆ ಹೋಗೋವಾಗ?" ರುಕ್ಕಮ್ಮ ಕೇಳಿದರು.

"ಒಂದು ಸಾವಿರದ ಐನೂರ ನಲವತ್ತು."

ತಕ್ಕಡಿ ಕಂಡರೆ ಮುಖ ಕಪ್ಪಿಡುತ್ತಿದ್ದ ರುಕ್ಕಮ್ಮ ಮುಂದೆ ಬಂದು, ಓದಲು ಬಾರದಿದ್ದರೂ ಆ ಮುಳ್ಳಿಗೆ ಮುಖ ತಾಗುವಷ್ಟು ಬಗ್ಗಿ ನೋಡಿದರು. ಕಣ್ಣು ಒರೆಸಿಕೊಂಡರು.

"ತೆಗೆದು ಇನ್ನೊಂದ್ಸಲ ತೂಗು ಮಾರಾಯ್ತಿ" ಎಂದರು. "ನಂಗೆ ಇನ್ನೂ ಹೆದ್ರಿಕೆ ಹೋಗಿಲ್ಲ."

ನಾನು ಮಗುವನ್ನು ತೆಗೆದು ಮತ್ತೆ ಇಟ್ಟೆ. ಮೂವರೂ ಬಗ್ಗಿ ನೋಡಿದೆವು. ಮುಳ್ಳು ಅದೇ ಗೆರೆಗೆ ಬಂದು ನಿಂತಿತು.